ಒಂದು ಗೆರೆಗೆ ಎರಡು ರಟ್ಟು

ಬೆಟ್ಟ ಮಾಡುವುದು ನನ್ನ ಕಸುಬು. ಹೇಳಿದರೆ ಜನ ನಗುತ್ತಾರೆ, ನಗಲಿ. ಭೂಮಾಪನದವರ ನಕ್ಷೆ ತಂದುಕೊಟ್ಟರೆ ಅದರಲ್ಲಿ ಚಪ್ಪಟೆಯಾಗಿ ಮಲಗಿರುವ ಬೆಟ್ಟವನ್ನು ರಟ್ಟು, ತಂತಿಬಲೆ, ಪ್ಲಾಸ್ಟರಿನಲ್ಲಿ ಎಬ್ಬಿಸಿ, ಬಣ್ಣ ಬಳಿದು, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಕೊಡುತ್ತೇನೆ. ಅಣೆಕಟ್ಟಿನ ಕಚೇರಿಗಳಿಗೆ, ಶಾಲೆಗಳಿಗೆ, ಗುಡ್ಡ ಕಡಿದು ನಿವೇಶನ ಮಾರುವ ಪುಣ್ಯಾತ್ಮರಿಗೆ ಹೀಗೆ ಇಪ್ಪತ್ತೊಂದು ಬೆಟ್ಟ ಮಾಡಿದ್ದೇನೆ. ಅವುಗಳಲ್ಲಿ ಒಂದರ ವಿಷಯಕ್ಕೆ ಮಾತ್ರ ನನ್ನ ಕೈಯನ್ನು ನಾನೇ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೆಲಸದ ರೀತಿ ಸುಲಭ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ಒಂದೊಂದು ಗೆರೆ ಎಳೆದಿರುತ್ತಾರೆ. ಆ ಗೆರೆಯ ಆಕಾರಕ್ಕೆ ದಪ್ಪ ರಟ್ಟು ಕತ್ತರಿಸಿ, ಒಂದರ ಮೇಲೊಂದು ಅಂಟಿಸುತ್ತ ಹೋದರೆ ಬೆಟ್ಟ. ಲೆಕ್ಕದ ಪ್ರಕಾರ ಒಂದು ಗೆರೆಗೆ ಒಂದು ರಟ್ಟು. ಆದರೆ ಹಾಗೆ ಮಾಡಿದರೆ ಎಂಥ ಮಹಾಪರ್ವತವೂ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: “ಒಂದು ಗೆರೆಗೆ ಎರಡು ರಟ್ಟು ಇಡಮ್ಮ. ಬೆಟ್ಟ ಹತ್ತೋನಿಗೆ ಅಳತೆ ಸಾಕು, ನೋಡೋನಿಗೆ ಅದರ ಎರಡರಷ್ಟು ಬೇಕು. ಆದ್ರೆ ಪೆಟ್ಟಿಗೆ ಮುಂದಿನ ತಗಡಿನ ಮೇಲೆ ಹಾಗಂತ ಬರೆದುಬಿಡು. ಬರೆದ್ರೆ ಅದು ಅಳತೆ, ಬರೀದಿದ್ರೆ ಸುಳ್ಳು.” ಮಾತಿನ ಮೊದಲರ್ಧ ನನಗೆ ಚೆನ್ನಾಗಿ ನೆನಪಿತ್ತು.

ನಮ್ಮ ಊರಿನ ಹಳೆಯ ಖಜಾನೆ ಕಟ್ಟಡದಲ್ಲಿ ಪರ್ವತ ವಸ್ತುಸಂಗ್ರಹಾಲಯ ಮಾಡುತ್ತೇವೆ, ನಡುಮನೆಯಲ್ಲಿಡಲು ಊರಿನ ಹಿಂದಿರುವ ಇಡೀ ಪರ್ವತದ ಮಾದರಿ ಬೇಕು ಎಂದು ಅದರ ಮುಖ್ಯಸ್ಥೆ ನನ್ನ ಶೆಡ್ಡಿಗೆ ಬಂದಾಗ ಕುಣಿಯುವುದೊಂದು ಬಾಕಿ. ಆಕೆ ಓದಿದ ಹೆಂಗಸು, ಒಳ್ಳೆಯವರು, ಯಾರಿಗೂ ಎದುರಾಡದವರು. ಕೆಳಗಿನ ಮಹಡಿಯಲ್ಲಿ ನಿಸರ್ಗ, ಮೇಲಿನ ಮಹಡಿಯಲ್ಲಿ ಮನುಷ್ಯ ಎಂದು ವಿಂಗಡಿಸಿಕೊಂಡಿದ್ದರು. ಕೆಳಗೆ, ಪರ್ವತದ ನೆತ್ತಿಯಲ್ಲಿ ಸಿಕ್ಕಿದ ಕಲ್ಲಾದ ಕಪ್ಪೆಚಿಪ್ಪುಗಳು. ಒಂದು ಕಾಲಕ್ಕೆ ಅದು ಸಮುದ್ರದ ತಳವಾಗಿತ್ತಂತೆ. ಮೇಲೆ, ಅಲ್ಲಿದ್ದ ಜನರ ಕುಡುಗೋಲು, ಕಂಬಳಿ, ಹಾಲಿನ ಗಿಂಡಿ. ಎರಡರ ನಡುವೆ ಇಪ್ಪತ್ತಾರು ಮೆಟ್ಟಿಲು.

ಕುಣಿಯಬೇಕೆನ್ನಿಸಲು ಕಾರಣ ದೊಡ್ಡಮ್ಮ. ನನ್ನ ತಾಯಿಯ ಅಕ್ಕ. ಹೆತ್ತವಳು ನನ್ನನ್ನು ಹೆತ್ತ ವಾರಕ್ಕೇ ಕಣ್ಣು ಮುಚ್ಚಿದಳು, ಎದೆಗೊತ್ತಿಕೊಂಡು ಸಾಕಿದವಳು ಇವಳು. ನಾವು ಆ ಪರ್ವತದ ಮೇಲಿನವರೇ. ಅಲ್ಲಿ ಹತ್ತೊಂಬತ್ತು ಮನೆಗಳ ಒಂದು ಹಟ್ಟಿ ಇತ್ತು, ಮೆಟ್ಟಿಲು ಹೊಲಗಳಿದ್ದವು, ಅದರಾಚೆ ಕುರಿ ಮೇಯುವ ಹುಲ್ಲುಗಾವಲು. ಮೂವತ್ತನಾಲ್ಕು ವರ್ಷಗಳ ಹಿಂದೆ ಅರಣ್ಯದವರು ಬಂದು, ಹುಲ್ಲುಗಾವಲಿನ ನೆಲದಲ್ಲಿ ಗೂಡು ಕಟ್ಟುವ ಒಂದು ಬೂದು ಹಕ್ಕಿ ಅಳಿದುಹೋಗುತ್ತಿದೆ, ಎರಡು ವರ್ಷ ಕೆಳಗಿರಿ, ಹಕ್ಕಿ ಹೆಚ್ಚಲಿ, ಆಮೇಲೆ ನೋಡೋಣ ಎಂದರು. ಇಳಿಯುವಾಗ ಮಾಡಿನ ತೊಲೆಗಳನ್ನೂ ಹೊತ್ತು ತನ್ನಿ, ಕೆಳಗೆ ಗುಡಿಸಲಿಗೆ ಆಗುತ್ತದೆ ಎಂದು ಉಪಕಾರದ ಮಾತೂ ಹೇಳಿದರು. ನಾನಾಗ ಐದು ವರ್ಷದವಳು, ದೊಡ್ಡಮ್ಮನ ಬೆನ್ನ ಮೇಲೆ ಇಳಿದೆ. ಕುರಿಗಳು ಹೋದ ಮೇಲೆ ಹುಲ್ಲು ಆಳೆತ್ತರ ಬೆಳೆಯಿತು, ಹುಲ್ಲಿನೊಳಗೆ ಮುಳ್ಳುಕಂಟಿ ಬಂತು. ಕುರಿ ಮೇಯ್ದ ಗಿಡ್ಡ ಹುಲ್ಲಿನಲ್ಲಷ್ಟೇ ಮೊಟ್ಟೆಯಿಡುವ ಹಕ್ಕಿ ಐದಾರು ವರ್ಷದಲ್ಲಿ ಪೂರ್ತಿ ಕಾಣೆಯಾಯಿತು. ಈಗ ಅದರ ಚರ್ಮಕ್ಕೆ ಹತ್ತಿ ತುಂಬಿ ಕೆಳಗಿನ ಮಹಡಿಯಲ್ಲಿ ಇಟ್ಟಿದ್ದಾರೆ, ಗಾಜಿನ ಕಣ್ಣು ಹಾಕಿ. ನಮ್ಮ ಎರಡು ವರ್ಷ ಮಾತ್ರ ಇನ್ನೂ ಮುಗಿದಿರಲಿಲ್ಲ.

ದೊಡ್ಡಮ್ಮನಿಗೆ ಎಪ್ಪತ್ತೆಂಟು. ಅವಳಿಗೆ ಬೇಕಾಗಿದ್ದು ಒಂದೇ, ಮೇಲಿನ ಮನೆಗೆ ವಾಪಸು ಹೋಗುವುದು. ಹತ್ತೊಂಬತ್ತು ಮನೆಯವರ ಪರವಾಗಿ ಅವಳ ಹೆಬ್ಬೆಟ್ಟಿನ ಅರ್ಜಿ ಹನ್ನೊಂದು ವರ್ಷದಿಂದ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಅರ್ಜಿದಾರರು ಅಲ್ಲಿ ವಾಸವಿದ್ದರೇ ಎಂಬುದು ಒಂದು ಪ್ರಶ್ನೆ, ಆ ಜಾಗ ವಾಸಕ್ಕೆ ಯೋಗ್ಯವೇ ಎಂಬುದು ಇನ್ನೊಂದು. ಎರಡಕ್ಕೂ ಹೌದು ಎಂದಾದರೆ ಹೋಗಬಹುದು. ಭೂಮಾಪನದವರು ಪರ್ವತ ಅಳೆದದ್ದು ನಾವು ಇಳಿದು ಏಳು ವರ್ಷದ ಮೇಲೆ. ಸೂರಿಲ್ಲದ ಗೋಡೆಗಳು ಅವರ ಕಣ್ಣಿಗೆ ಕಲ್ಲಿನ ರಾಶಿಗಳು. ಹಾಗಾಗಿ ನಕ್ಷೆಯಲ್ಲಿ ನಮ್ಮ ಹಟ್ಟಿಯಿಲ್ಲ.

ಆದರೆ ನನ್ನ ಮಾದರಿಯಲ್ಲಿ ಇರುತ್ತದೆ ಎಂದುಕೊಂಡೆ. ಸರ್ಕಾರದ ದುಡ್ಡಿನಲ್ಲಿ, ಸರ್ಕಾರದ ಕಟ್ಟಡದಲ್ಲಿ, ಹತ್ತೊಂಬತ್ತೂ ಮನೆ.

ಆರು ತಿಂಗಳು ದೊಡ್ಡಮ್ಮ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬಂದಳು. ಪ್ಲಾಸ್ಟರಿನ ಧೂಳಿಗೆ ಸೆರಗು ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತು, ನಾನು ಅಂಟಿಸುತ್ತಿದ್ದರೆ ಅವಳು ಹಟ್ಟಿಯನ್ನು ಒಂದೊಂದಾಗಿ ಹೇಳುತ್ತಿದ್ದಳು. ಯಾರ ಮನೆ ಯಾವ ದಿಕ್ಕಿಗೆ ಮುಖ, ನೀರಿನ ಕಾಲುವೆ ಎಲ್ಲಿ ತಿರುಗುತ್ತದೆ, ಯಾವ ಹೊಲದ ಗೋಡೆ ವರ್ಷವೂ ಕುಸಿಯುತ್ತಿತ್ತು, ಯಾರ ಕೋಳಿ ಯಾರ ಅಂಗಳಕ್ಕೆ ಹೋಗಿ ಎಂಥ ಜಗಳವಾಗಿತ್ತು. ಅಳತೆಗೆ ಸರಿಯಾಗಿ ಮಾಡಿದರೆ ಮನೆಗಳು ಸಾಸಿವೆ ಕಾಳಿನಷ್ಟಾಗುತ್ತಿದ್ದವು. ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಕಡಲೆ ಕಾಳಿನಷ್ಟು ಮಾಡಿದೆ. ಅದೂ ನಮ್ಮ ಕಸುಬಿನ ರೂಢಿಯೇ. ಅವಳ ಮನೆಯನ್ನು ಅಂಟಿಸುವಾಗ ಅವಳೇ ಚಿಮಟ ಹಿಡಿದಳು, ನಾಲ್ಕು ಸಲ ಬೀಳಿಸಿದಳು. ಐದನೆಯ ಸಲ ಕೂತಿತು.

ಬಣ್ಣ ಒಣಗಿದ ಮೇಲೆ ಒಂದು ದಿನ ಮಾದರಿಯ ಸುತ್ತ ಸುತ್ತಿ, ಹಟ್ಟಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದಳು.

“ಇದೇನೇ, ಇಷ್ಟು ಕಡಿದು ಮಾಡಿದ್ದೀಯ?”

“ಬೆಟ್ಟ ಅಲ್ವಾ ದೊಡ್ಡಮ್ಮ, ಕಡಿದಾಗೇ ಇರುತ್ತೆ.”

“ನಮ್ಮ ಹೊಲ ಹೀಗಿರಲಿಲ್ಲ ಕಣೇ. ನೀನು ಅಂಬೆಗಾಲು ಇಡ್ತಿದ್ದಾಗ ನಿನ್ನ ಈ ಅಂಚಲ್ಲಿ ಬಿಟ್ಟು ನಾನು ಆ ತುದೀಲಿ ಕಳೆ ಕೀಳ್ತಿದ್ದೆ. ಇಲ್ಲಿ ಮಗು ಬಿಟ್ಟರೆ ಉರುಳಿ ಹೋಗುತ್ತೆ.”

“ನೋಡೋರಿಗೆ ಬೆಟ್ಟದ ಹಾಗೆ ಕಾಣಬೇಕು ಅಂತ ಸ್ವಲ್ಪ ಎತ್ತರಿಸ್ತೀವಿ. ಎಲ್ಲಾ ಮಾದರೀನೂ ಹೀಗೇ. ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು.”

ಅವಳು ಬಿಟ್ಟಳು. ಕಸುಬಿನವಳ ಮುಂದೆ ಮತ್ತೇನು ಹೇಳಿಯಾಳು. ಆ ಹೊಲದಲ್ಲಿ ತೆವಳಿದ್ದು ನಾನೇ, ಆದರೂ ಅವಳ ಮಾತಿಗಿಂತ ನನ್ನ ಎರಡು ರಟ್ಟಿನ ಮೇಲೆ ನನಗೆ ನಂಬಿಕೆ ಹೆಚ್ಚಾಗಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಬಂದದ್ದು ತಗಡು. ಗಾಜಿನ ಪೆಟ್ಟಿಗೆಯ ಮುಂದೆ ಹಚ್ಚುವ ಹಿತ್ತಾಳೆಯ ತಗಡಿನಲ್ಲಿ ನಾಲ್ಕು ಸಾಲು ಹಿಡಿಯುತ್ತಿತ್ತು. ಪರ್ವತದ ಹೆಸರು, ಅಡ್ಡಳತೆಯ ಪ್ರಮಾಣ, ಎತ್ತರ ಎಷ್ಟು ಪಟ್ಟು ಎಂಬುದು, ವಸ್ತುಸಂಗ್ರಹಾಲಯದ ಹೆಸರು. ನನ್ನ ಹೆಸರೂ ಇರಲಿ ಎಂದು ನನಗೆ ಆಸೆ. ಇಪ್ಪತ್ತು ಬೆಟ್ಟ ಮಾಡಿದ್ದರೂ ಒಂದರ ಮೇಲೂ ಹೆಸರಿರಲಿಲ್ಲ. ಮುಖ್ಯಸ್ಥೆ, “ಒಂದು ಸಾಲು ಬಿಟ್ಟರೆ ಹಿಡಿಯುತ್ತೆ, ಯಾವುದನ್ನ ಬಿಡ್ತೀರೋ ನೀವೇ ನೋಡಿ” ಎಂದರು. ನಾನು ಎತ್ತರದ ಸಾಲನ್ನು ಬಿಟ್ಟೆ. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಮೋಸ ಮಾಡಲಿಲ್ಲ.

ಉದ್ಘಾಟನೆಯ ದಿನ ಜನ ಬಾಯಿ ಬಿಟ್ಟುಕೊಂಡು ನೋಡಿದರು. “ಅಬ್ಬಾ, ಹೆಂಗಿದೆ ನೋಡು ಬೆಟ್ಟ” ಎನ್ನುವುದು ಕಿವಿಗೆ ಬಿದ್ದಾಗಲೆಲ್ಲ ನಾನು ತಗಡಿನ ಪಕ್ಕಕ್ಕೆ ಇನ್ನೊಂದು ಹೆಜ್ಜೆ ಸರಿದು ನಿಲ್ಲುತ್ತಿದ್ದೆ. ದೊಡ್ಡಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ಬಂದವರಿಗೆಲ್ಲ ಗಾಜಿನ ಮೇಲೆ ಬೆರಳಿಟ್ಟು, “ಇದು ನಮ್ಮನೆ” ಎಂದು ತೋರಿಸಿದಳು.

ಅದಾದ ಎಂಟು ತಿಂಗಳಿಗೆ ಅರ್ಜಿಯ ಅಂತಿಮ ವಿಚಾರಣೆ ಬಂತು. ವಿಚಾರಣಾಧಿಕಾರಿ ಸ್ಥಳ ಪರಿಶೀಲನೆ ಮಾಡಬೇಕಿತ್ತು. ಆದರೆ ಮೇಲಿನ ದಾರಿ ಮುಳ್ಳುಕಂಟಿಯಲ್ಲಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಅಧಿಕಾರಿಗೆ ಮಂಡಿ ನೋವು. ಅರಣ್ಯ ಇಲಾಖೆಯ ಎಂಜಿನಿಯರು ಒಂದು ಸಲಹೆ ಕೊಟ್ಟರು: ಇಡೀ ಪರ್ವತ ಊರೊಳಗೇ ಇದೆಯಲ್ಲ, ಅರ್ಜಿದಾರರ ಮನೆಗಳೂ ಅದರಲ್ಲಿವೆ, ವಿಚಾರಣೆಯನ್ನು ಅಲ್ಲೇ ಇಟ್ಟುಕೊಳ್ಳೋಣ. ಸುದ್ದಿ ಕೇಳಿ ನಾವು ಹಿಗ್ಗಿದೆವು. ದೊಡ್ಡಮ್ಮ ನನ್ನ ಕೆನ್ನೆ ಸವರಿ, “ನೀನು ಮಾಡಿದ್ದು ಕೈ ಹಿಡೀತು ನೋಡು” ಎಂದಳು.

ನಡುಮನೆಯಲ್ಲಿ ಗಾಜು ತೆಗೆಸಿ, ಸುತ್ತ ಕುರ್ಚಿ ಹಾಕಿದ್ದರು. ಹತ್ತೊಂಬತ್ತು ಮನೆಯವರಲ್ಲಿ ಉಳಿದಿದ್ದ ಹಿರಿಯರೆಲ್ಲ ಗೋಡೆಗೆ ಆತು ನಿಂತಿದ್ದರು. ಅಧಿಕಾರಿ ಮೆದು ಮಾತಿನವರು. ದೊಡ್ಡಮ್ಮನಿಗೆ ಕುರ್ಚಿ ಕೊಡಿಸಿ, ಮಾದರಿಯನ್ನು ಬಹಳ ಹೊತ್ತು ನೋಡಿ, ನಿಜವಾಗಿಯೂ ಮರುಗಿದ ದನಿಯಲ್ಲಿ ಕೇಳಿದರು.

“ಇಂಥಾ ಜಾಗದಲ್ಲಿ ಹೇಗಮ್ಮಾ ಇದ್ರಿ ನೀವೆಲ್ಲಾ?”

ಎಂಜಿನಿಯರು ಚೀಲದಿಂದ ಕೋನ ಅಳೆಯುವ ಪಟ್ಟಿ ತೆಗೆದು ಹಟ್ಟಿಯ ಇಳಿಜಾರಿಗೆ ಹಿಡಿದರು. “ನಲವತ್ತೇಳು ಡಿಗ್ರಿ ಸಾರ್. ಮೂವತ್ತೈದರ ಮೇಲೆ ವಾಸಕ್ಕೆ ಅವಕಾಶ ಇಲ್ಲ, ನಿಯಮ ಇದೆ. ಒಂದು ಜೋರು ಮಳೆ ಬಂದ್ರೆ ಇಷ್ಟೂ ಮನೆ ಕೆಳಗಿರುತ್ತೆ.”

“ನಮ್ಮ ಅಜ್ಜನ ಕಾಲದಿಂದ ಬಂದಿಲ್ಲ, ಈಗ ಬರುತ್ತಾ?” ಎಂದಳು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಹೇಳೇ, ಎತ್ತರಿಸಿದ್ದೀನಿ ಅಂದಿದ್ಯಲ್ಲ ಆವತ್ತು, ಹೇಳು” ಎಂದಳು.

ಹೇಳಿದೆ. ಒಂದು ಗೆರೆಗೆ ಎರಡು ರಟ್ಟು ಇಟ್ಟಿದ್ದೇನೆ, ಎಲ್ಲ ಮಾದರಿಗಳಲ್ಲೂ ಹೀಗೇ ಮಾಡುವುದು, ನಿಜವಾದ ಇಳಿಜಾರು ಇಪ್ಪತ್ತೆಂಟೇ ಡಿಗ್ರಿ, ನಕ್ಷೆಯ ಗೆರೆ ಎಣಿಸಿದರೆ ಯಾರಿಗಾದರೂ ಸಿಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಎಂಜಿನಿಯರು ನಕ್ಷೆ ಬಿಡಿಸಿದರು, ಎಣಿಸಿದರು. ಮನುಷ್ಯ ಪ್ರಾಮಾಣಿಕನೇ. “ಹೌದು ಸಾರ್, ಇಪ್ಪತ್ತೆಂಟು” ಎಂದರು. ನನ್ನ ಜೀವಕ್ಕೆ ಜೀವ ಬಂತು. ಆದರೆ ಎಂಜಿನಿಯರು ಕೈಯಲ್ಲಿದ್ದ ಪೆನ್ನು ಕೆಳಗಿಡಲಿಲ್ಲ.

“ತಗಡಿನ ಮೇಲೆ ಇದನ್ನ ಯಾಕೆ ಬರೆದಿಲ್ಲ?”

“ಜಾಗ ಇರಲಿಲ್ಲ.”

ಎಂಜಿನಿಯರು ತಗಡನ್ನು ನೋಡಿದರು. ಕೊನೆಯ ಸಾಲಿನಲ್ಲಿದ್ದ ನನ್ನ ಹೆಸರನ್ನು ಓದಿದರು. ಆಮೇಲೆ ಮಾದರಿಯ ಕಡೆ ತಿರುಗಿದರು.

“ಮನೆಗಳು ಎಷ್ಟು ಪಟ್ಟು?”

“ಸುಮಾರು ಆರು.”

“ಈ ಮನೆಗಳು ನಕ್ಷೇಲಿ ಇವೆಯಾ?”

“ಇಲ್ಲ.”

“ಮತ್ತೆ ಎಲ್ಲಿಂದ ತಂದ್ರಿ?”

“ದೊಡ್ಡಮ್ಮ ಹೇಳಿದ್ರು.”

“ದೊಡ್ಡಮ್ಮ ಅಂದ್ರೆ, ಅರ್ಜಿದಾರರು?”

“ಹೌದು.”

ನನಗೆ ಮೇಲಿನ ಮಹಡಿ ನೆನಪಾಯಿತು. ಅಲ್ಲಿ ಇವಳದೇ ಕುಡುಗೋಲಿದೆ, ಇವಳದೇ ಗಿಂಡಿಯಿದೆ, ಪರ್ವತದ ಜನರದ್ದು ಎಂದು ನೀವೇ ಚೀಟಿ ಅಂಟಿಸಿದ್ದೀರಿ ಎಂದು ಕೂಗಾಡಿದೆ. ಮುಖ್ಯಸ್ಥೆ ತಲೆ ತಗ್ಗಿಸಿಕೊಂಡು, “ಪರ್ವತ ಪ್ರದೇಶದ ಜನರ ಬಳಕೆಯ ವಸ್ತುಗಳು ಅಂತ ಬರೆದಿದೆ. ಪರ್ವತದಲ್ಲಿ ಎಲ್ಲಿ ಅಂತ ಇಲ್ಲ” ಎಂದರು. ಅಕ್ಷರಶಃ ನಿಜ ಅದು. ಆ ಕಟ್ಟಡದಲ್ಲಿ ಆವತ್ತು ಸುಳ್ಳು ಹೇಳಿದವರು ಒಬ್ಬರೂ ಇರಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿಮ್ಮಾ, ನನ್ನ ಕಷ್ಟ ಅರ್ಥ ಮಾಡ್ಕೊಳ್ಳಿ. ನಕ್ಷೆ ನಂಬಿದ್ರೆ ಇಳಿಜಾರು ಸರಿ, ಆದ್ರೆ ಅಲ್ಲಿ ಮನೆ ಇಲ್ಲ. ಮಾದರಿ ನಂಬಿದ್ರೆ ಮನೆ ಇದೆ, ಆದ್ರೆ ಅಲ್ಲಿ ಇರೋಕಾಗಲ್ಲ. ಅರ್ಧ ಅದರದ್ದು ಅರ್ಧ ಇದರದ್ದು ತಗೊಂಡು ಆದೇಶ ಬರೆಯೋಕೆ ಬರಲ್ಲ. ಎತ್ತರ ಎರಡು ಪಟ್ಟು ಅಂತ ಮೊದಲೇ ಬರೆದಿದ್ರೆ ಈ ಮಾದರೀನ ದಾಖಲೆ ಅಂತ ಒಪ್ಪಬಹುದಿತ್ತು. ಕೇಳಿದ ಮೇಲೆ ಹೇಳಿದ್ರೆ, ಇನ್ನೂ ಏನೇನು ಹೆಚ್ಚಿಸಿದ್ದಾರೋ ಅನ್ಸುತ್ತೆ. ನನಗಲ್ಲ, ಮೇಲೆ ಕೂತೋರಿಗೆ.”

ದೊಡ್ಡಮ್ಮ ಎದ್ದು ನಿಂತಳು. ಬಾಗಿ, ಚಿಮಟದಲ್ಲಿ ತಾನೇ ಕೂರಿಸಿದ್ದ ಮನೆಯನ್ನು ಮುಟ್ಟಿ, “ಇದು ನನ್ನ ಮನೆ” ಎಂದಳು. ಆರು ಪಟ್ಟು ದೊಡ್ಡದಾದ ಆ ಮನೆ ಅವಳ ಬೆರಳ ತುದಿಯಡಿ ಪೂರ್ತಿ ಮುಚ್ಚಿಹೋಯಿತು. ಯಾರೂ ಅಲ್ಲವೆನ್ನಲಿಲ್ಲ. ಬರೆದುಕೊಳ್ಳಲೂ ಇಲ್ಲ.

ನಲವತ್ತು ದಿನಕ್ಕೆ ಆದೇಶ ಬಂತು. ವಾಸವಿದ್ದುದಕ್ಕೆ ವಿಶ್ವಾಸಾರ್ಹ ಪುರಾವೆ ಇಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ನಾನು ಓದಿ ಹೇಳಿದೆ. ದೊಡ್ಡಮ್ಮ ಸೊಪ್ಪು ಸೋಸುತ್ತಿದ್ದಳು, ಸೋಸುವುದನ್ನು ನಿಲ್ಲಿಸಲಿಲ್ಲ. ಬೈದಿದ್ದರೆ ಅವಳ ಕಾಲು ಹಿಡಿದುಕೊಳ್ಳುತ್ತಿದ್ದೆ. ನನ್ನ ಮೇಲೆ ಅವಳಿಗೆ ಸಿಟ್ಟಿತ್ತೋ ಇಲ್ಲವೋ ಕೇಳುವ ಧೈರ್ಯ ನನಗೆ ಬರಲಿಲ್ಲ. ಮುನ್ನೂರು ಮೈಲಿ ಉದ್ದದ ಸಮುದ್ರದ ತಳವನ್ನು ಆಕಾಶಕ್ಕೆ ಎತ್ತಿದ ಭೂಮಿಯನ್ನು ಯಾರೂ ಪುರಾವೆ ಕೇಳಲಿಲ್ಲ, ನಾನು ರಟ್ಟಿನಲ್ಲಿ ಒಂದಡಿ ಎತ್ತಿದ್ದಕ್ಕೆ ಹತ್ತೊಂಬತ್ತು ಮನೆ ಹೋಯಿತು ಎಂದು ಒಳಗೊಳಗೇ ಬೇಯುತ್ತಿದ್ದೆ.

ಮರುವಾರ ಮುಖ್ಯಸ್ಥೆ ಫೋನು ಮಾಡಿದರು. ದನಿ ಕುಗ್ಗಿತ್ತು.

“ಮೇಲಿಂದ ಪತ್ರ ಬಂದಿದೆ. ಪುರಾವೆ ಇಲ್ಲದ ಮನೆಗಳನ್ನ ಸರ್ಕಾರಿ ಮಾದರೀಲಿ ಇಟ್ಟುಕೊಳ್ಳೋ ಹಾಗಿಲ್ಲವಂತೆ. ತಗಡನ್ನೂ ಸರಿಪಡಿಸಬೇಕಂತೆ. ನಿಮಗೆ ಕಷ್ಟ ಆಗುತ್ತೆ ಅಂದ್ರೆ ಬೇರೆ ಯಾರನ್ನಾದ್ರೂ ಕರೆಸ್ತೀನಿ.”

“ಬೇರೆಯವರು ಕಿತ್ತರೆ ಪ್ಲಾಸ್ಟರ್ ಒಡೆಯುತ್ತೆ ಮೇಡಂ. ನಾನೇ ಬರ್ತೀನಿ” ಎಂದೆ. ಅಷ್ಟು ಹೊತ್ತಿಗೂ ನನಗೆ ಪ್ಲಾಸ್ಟರಿನದೇ ಚಿಂತೆ. ನನ್ನ ಬಾಯಿಂದ ಬಂದ ಆ ಮಾತು ಕೇಳಿ ನನಗೇ ಅಸಹ್ಯವಾಯಿತು.

ಸೋಮವಾರ, ವಸ್ತುಸಂಗ್ರಹಾಲಯಕ್ಕೆ ರಜೆ. ಸಣ್ಣ ಉಳಿಯಲ್ಲಿ ಒಂದೊಂದೇ ಮನೆ ಎಬ್ಬಿಸಿದೆ. ಮೆಟ್ಟಿಲು ಹೊಲಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿದೆ. ಕಾಲುವೆಗೆ ಪ್ಲಾಸ್ಟರ್ ತುಂಬಿದೆ. ಮೇಲೆ ಅಂಟು ಬಳಿದು, ಹಸಿರು ಬಣ್ಣ ಹಾಕಿದ ಮರದ ಹೊಟ್ಟು ಉದುರಿಸಿದೆ. ನಮ್ಮ ಕಸುಬಿನಲ್ಲಿ ಅದು ಕಾಡು. ಮಧ್ಯಾಹ್ನದ ಹೊತ್ತಿಗೆ ಒಳ್ಳೆ ದಟ್ಟವಾದ ಕಾಡಾಯಿತು. ಆಮೇಲೆ ಹಳೆಯ ತಗಡಿನ ತಿರುಪು ಬಿಚ್ಚಿ ಹೊಸದನ್ನು ಹಚ್ಚಿದೆ. ನನ್ನ ಹೆಸರನ್ನು ತೆಗೆಸಿ ಅಲ್ಲಿ ಎತ್ತರದ ಸಾಲು ಹಾಕಿಸಿದ್ದೆ.

ಕೆಲಸ ಮುಗಿಸಿ ಉಳಿ ಒರೆಸುತ್ತಿದ್ದಾಗ ದೊಡ್ಡಮ್ಮ ಬಂದಳು. ಎಲ್ಲಿಗೆ ಹೋಗುತ್ತೇನೆಂದು ಅವಳಿಗೆ ಹೇಳಿರಲಿಲ್ಲ, ಆದರೂ ತಿಳಿದುಕೊಂಡಿದ್ದಳು. ಕಾವಲುಗಾರ ಪರಿಚಯದವನು, ಬಿಟ್ಟಿದ್ದ. ಕೈಯಲ್ಲಿ ಊಟದ ಡಬ್ಬಿ. ಮಾದರಿಯ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಅಂಟು ಇನ್ನೂ ಹಸಿಯಿತ್ತು. ಆ ಹಸಿರಿನೊಳಗೆ ಎಲ್ಲೂ ತಡಕಾಡದೆ, ಸರಿಯಾಗಿ ತನ್ನ ಮನೆಯಿದ್ದ ಜಾಗಕ್ಕೇ ಬೆರಳಿಟ್ಟಳು. ನಾನು ಹೊಟ್ಟು ಉದುರಿಸಿದವಳು, ನನಗೇ ಆ ಜಾಗ ಅಷ್ಟು ಕರಾರುವಾಕ್ಕಾಗಿ ಹೇಳಲು ಬರುತ್ತಿರಲಿಲ್ಲ. ಬೆರಳು ತೆಗೆದಾಗ ತುದಿಗೆ ಹಸಿರು ಅಂಟಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು, ಫಳಫಳಿಸುವ ತಗಡಿನ ಕಡೆ ತಿರುಗಿದಳು. ಅವಳಿಗೆ ಓದಲು ಬರುವುದಿಲ್ಲ.

“ಹೊಸದಾಗಿ ಏನು ಬರೆದಿದ್ದೀಯ?”

“ಎತ್ತರ, ವಾಸ್ತವದ ಎರಡು ಪಟ್ಟು. ಅಷ್ಟೇ.”

“ಯಾವ ಸಾಲು?”

ತೋರಿಸಿದೆ. ಅವಳು ಆ ಸಾಲಿನ ಒಂದು ತುದಿಗೆ ಹೆಬ್ಬೆರಳು, ಇನ್ನೊಂದು ತುದಿಗೆ ಕಿರುಬೆರಳು ಇಟ್ಟು ಅಳೆದು ನೋಡಿದಳು. ಒಂದು ಗೇಣೂ ಇರಲಿಲ್ಲ.

“ಇಷ್ಟೇನಾ?” ಎಂದಳು. ಆಮೇಲೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ಊಟ ಮಾಡು, ಹೊತ್ತಾಯ್ತು” ಎಂದು ಹೇಳಿ, ಗೋಡೆ ಹಿಡಿದುಕೊಂಡು ಹೊರಗೆ ಹೋದಳು.